ಸ್ಯಾಕ್ಸೋಫೋನೂ ಸ್ವದೇಶಿಯೂ

ಪುತ್ತೂರಿನ ಶ್ರೀ ಮಹಾಲಿಂಗೇಶ್ವರ ದೇವರ ಜಾತ್ರೆಯು ವರ್ಷವರ್ಷವೂ ಏಪ್ರಿಲ್ 10ರಂದು ಧ್ವಜಾರೋಹಣದಿಂದ ಮೊದಲಾಗಿ 17ರ ಬ್ರಹ್ಮರಥೋತ್ಸವದಲ್ಲಿ ಶಿಖರವನ್ನು ಮುಟ್ಟುವುದೆಂಬುದು ನಮ್ಮ ವಾಚಕರಿಗೆ ಹೊಸದಾಗಿ ಹೇಳತಕ್ಕ ಮಾತಲ್ಲ. ದೇವರು ಬಲಿ ಹೊರಟು ಅಂಗಣಕ್ಕೆ ಪ್ರದಕ್ಷಿಣೆ ಬರುವಾಗ ಈ ಸೀಮೆಯ ದೇವಸ್ಥಾನಗಳಲ್ಲಿ ವಾದ್ಯಗಳಿಗೆ ಒಂದೊಂದು ಸುತ್ತು ಸಲ್ಲುವ ಕ್ರಮವಿದೆ. ಉಡಿಕೆಗೆ ಒಂದು ಸುತ್ತು, ಚೆಂಡೆಗೆ ಒಂದು ಸುತ್ತು, ವಾಲಗಕ್ಕೆ ಒಂದು ಸುತ್ತು. ಕಟ್ಟಕಡೆಗೆ ಎಲ್ಲವೂ ಕೂಡಿ ಮೊಳಗುವ ಸರ್ವವಾದ್ಯದ ಸುತ್ತು. ಈ ವಾಲಗದ ಸುತ್ತಿನಲ್ಲಿ ಡೋಲಿನ ಮಗ್ಗುಲಿಗೆ ನಿಂತು ಊದುವವನ ಕೈಯಲ್ಲಿ ಇಂದು ಅನೇಕ ವೇಳೆ ಕಾಣುವುದು ಕಪ್ಪು ಮರದ ನೀಳವಾದ ನಾಗಸ್ವರವಲ್ಲ. ಸೊಂಡಿಲಿನಂತೆ ಬಾಗಿ, ದೀವಟಿಗೆಯ ಬೆಳಕಿಗೆ ಥಳಥಳಿಸುವ ಹಿತ್ತಾಳೆಯ ಸ್ಯಾಕ್ಸೋಫೋನು.

ಹೊರನಾಡಿನ ಯಾತ್ರಿಕನಾದರೆ ಇದನ್ನು ಕಂಡು ಬೆರಗಾದಾನು. ನಮ್ಮ ಊರಿನ ಮಗುವಿಗೆ ಮಾತ್ರ ಇದರಲ್ಲಿ ಬೆರಗಿಲ್ಲ. ಆ ಧ್ವನಿಯು ಕಿವಿಗೆ ಬಿದ್ದೊಡನೆ ಅದಕ್ಕೆ ನೆನಪಾಗುವುದು ತೇರು, ಮಲ್ಲಿಗೆ, ಮದುವೆಯ ಚಪ್ಪರ. ಸುಳ್ಯದ ಶ್ರೀ ಚೆನ್ನಕೇಶವ ದೇವರ ಜನವರಿಯ ಜಾತ್ರೆಯಾಗಲಿ, ಒಂದು ಕಾಲಕ್ಕೆ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಯಾಗಲಿ, ಹಳ್ಳಿಯ ದೈವದ ನೇಮವಾಗಲಿ, ಗೃಹಸ್ಥರ ಮನೆಯ ಮದುವೆಯಾಗಲಿ, ಈ ವಾದ್ಯವು ಮಂಗಳವಾದ್ಯಗಳ ಪಂಕ್ತಿಯಲ್ಲಿ ತನ್ನ ಎಲೆಯನ್ನು ಹಾಕಿಸಿಕೊಂಡಾಗಿದೆ. ಅನ್ಯದೇಶದಿಂದ ಬಂದ ವಸ್ತುವೊಂದು ಇಷ್ಟು ನಿಶ್ಶಬ್ದವಾಗಿ ಗರ್ಭಗುಡಿಯ ಹೊಸ್ತಿಲ ತನಕ ನಡೆದು ಬಂದುದು ಹೇಗೆ? ಅದನ್ನು ತಂದವರು ಯಾರು? ಬಂದ ಅತಿಥಿಯನ್ನೂ ಮೊದಲಿನಿಂದ ಮನೆಯಲ್ಲಿದ್ದ ಹಿರಿಯನನ್ನೂ ನಾವು ನಡೆಸಿಕೊಳ್ಳುತ್ತಿರುವ ರೀತಿಯು ಸರಿಯಾದುದೇ? ಈ ಮೂರು ಪ್ರಶ್ನೆಗಳನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಸ್ಯಾಕ್ಸೋಫೋನಿನ ಜನನವು ಬಹಳ ಹಿಂದಿನದಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಕುಶಲಿಯು 1846ರಲ್ಲಿ ಪ್ಯಾರಿಸ್ ನಗರದಲ್ಲಿ ಇದಕ್ಕೆ ಸ್ವಾಮ್ಯದ ಸನ್ನದು ಪಡೆದನು. ಬಯಲಿನಲ್ಲಿ ನಡೆಯುವ ಸೈನ್ಯದ ಬ್ಯಾಂಡಿಗೆ ಗಟ್ಟಿಯಾದರೂ ಇಂಪಾದ ಧ್ವನಿಯೊಂದು ಬೇಕಾಗಿತ್ತು. ಆ ಕೊರತೆಯನ್ನು ಇದು ತುಂಬಿತು. ಯೂರೋಪಿನ ಶಾಸ್ತ್ರೀಯ ಮೇಳವು ಇದನ್ನು ಬಹುಕಾಲ ಹೊರ ಜಗಲಿಯಲ್ಲಿಯೇ ಕುಳ್ಳಿರಿಸಿತು. ಅಮೆರಿಕದ ಕರಿಯ ಜನರು ಅದನ್ನು ಒಳಕ್ಕೆ ಕರೆದು, ತಮ್ಮ ದುಃಖವನ್ನೂ ಉಲ್ಲಾಸವನ್ನೂ ಅದರ ಕೊರಳಿಗೆ ಕೊಟ್ಟು, ಜಾಜ್ ಎಂಬ ಸಂಗೀತದಲ್ಲಿ ಅದಕ್ಕೆ ಪಟ್ಟ ಕಟ್ಟಿದರು. ನಮ್ಮ ಸೀಮೆಗೆ ಇದು ಬಂದುದು ಬ್ಯಾಂಡಿನ ದಾರಿಯಿಂದಲೇ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಮಾದರಿಯ ಬ್ಯಾಂಡು ಇದ್ದಿತಷ್ಟೆ. ಬಂಟ್ವಾಳ ತಾಲೂಕಿನ ಹುಡುಗನೊಬ್ಬನು ಆ ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾದನು. ನಮ್ಮ ಕಥೆಯು ಮೊದಲಾಗುವುದು ಅಲ್ಲಿಂದ.

ಆ ಹುಡುಗನೇ ಕದ್ರಿ ಗೋಪಾಲನಾಥರು. 1949ರಲ್ಲಿ ಸಜಿಪಮೂಡ ಗ್ರಾಮದಲ್ಲಿ ಅವರ ಜನನ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠವನ್ನು ಹೇಳಿದವರೂ ಅವರೇ. ನಾಗಸ್ವರದ ಮನೆಯಲ್ಲಿ ಹುಟ್ಟಿದವನಿಗೆ ನಾಗಸ್ವರವೇ ದಾಯಭಾಗ. ಅದನ್ನು ಪಕ್ಕಕ್ಕಿರಿಸಿ, ಯಾವ ಗುರುಪರಂಪರೆಯ ಬೆಂಬಲವೂ ಇಲ್ಲದ, ಕರ್ಣಾಟಕ ಸಂಗೀತದ ಗ್ರಂಥಗಳಲ್ಲಿ ಹೆಸರೂ ಕಾಣದ ವಾದ್ಯವನ್ನು ಕೈಗೆತ್ತಿಕೊಳ್ಳುವುದೆಂದರೆ ತರುಣನಿಗೆ ಅದೊಂದು ಸಣ್ಣ ಸಾಹಸವಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರು ಶಿಷ್ಯನಿಗೆ ಪಾಠ ಹೇಳಿದರು. ತರುವಾಯ ಮದರಾಸಿನಲ್ಲಿ, ಗಾಯನದಲ್ಲಿಯೂ ಮೃದಂಗದಲ್ಲಿಯೂ ಸಮಾನವಾಗಿ ಪಳಗಿದ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಅಭ್ಯಾಸವು ಮುಂದುವರಿಯಿತು. ಸ್ಯಾಕ್ಸೋಫೋನನ್ನು ಊದಬಲ್ಲ ಗುರುವಿನಿಂದ ಊದುವುದನ್ನು ಕಲಿಯುವುದು ಒಂದು ಬಗೆ. ಹಾಡುವವರ ಬಾಯಿಂದ ಹಾಡನ್ನು ಕಲಿತು, ಅದನ್ನು ಲೋಹದ ಕೊಳವೆಯಲ್ಲಿ ತಾನೇ ಹುಡುಕಿಕೊಳ್ಳುವುದು ಇನ್ನೊಂದು ಬಗೆ. ಗೋಪಾಲನಾಥರ ಪಾಲಿಗೆ ಬಂದುದು ಎರಡನೆಯದು, ಎಂದರೆ ಹೆಚ್ಚು ಕಷ್ಟದ ದಾರಿ.

ಈ ಕಷ್ಟದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳದೆ ಅವರ ಸಾಧನೆಯ ತೂಕವು ತಿಳಿಯದು. ನಮ್ಮ ಸಂಗೀತದ ಜೀವವು ಗಮಕದಲ್ಲಿದೆ. ಸ್ವರಗಳು ಮೆಟ್ಟಿಲುಗಳಂತೆ ಬೇರೆ ಬೇರೆಯಾಗಿ ನಿಲ್ಲದೆ, ಒಂದರಿಂದ ಇನ್ನೊಂದಕ್ಕೆ ಜಾರುತ್ತ, ತೂಗುತ್ತ, ನಡುಗುತ್ತ ಹರಿಯತಕ್ಕವು. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆಯೇ ಕುಳಿತಿರುವುದರಿಂದ, ಅರೆಮುಚ್ಚಿ ಅರೆತೆರೆದು ಈ ಜಾರನ್ನು ತರಬಹುದು. ಸ್ಯಾಕ್ಸೋಫೋನಿನಲ್ಲಿಯಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳೂ ಸನ್ನೆಗಳೂ ತೊಗಲಿನ ಮುಚ್ಚಳಗಳೂ ಇವೆ. ಕೀಲಿಯನ್ನು ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವಿನ ದಾರಿಯನ್ನು ಅದರ ಶಿಲ್ಪಿಯು ಯೋಚಿಸಿದವನೇ ಅಲ್ಲ. ಗೋಪಾಲನಾಥರು ಆ ನಡುವಿನ ದಾರಿಯನ್ನು ತುಟಿಯ ಒತ್ತಡದಿಂದಲೂ, ಉಸಿರಿನ ಏರಿಳಿತದಿಂದಲೂ, ಕೀಲಿಯನ್ನು ಅರ್ಧಕ್ಕೆ ತಡೆಯುವ ಬೆರಳಿನ ಹದದಿಂದಲೂ ವರ್ಷಗಟ್ಟಲೆ ತೇಯ್ದು ತೇಯ್ದು ತೆರೆದರು. ವಾದ್ಯದ ಮುಚ್ಚಳಗಳಲ್ಲಿಯೂ ತಮ್ಮ ಅನುಕೂಲಕ್ಕೆ ಬೇಕಾದ ಮಾರ್ಪಾಡುಗಳನ್ನು ಮಾಡಿಕೊಂಡರು. ಆ ಮೇಲೆ ಕಲ್ಯಾಣಿಯೂ ತೋಡಿಯೂ ಆ ಹಿತ್ತಾಳೆಯಿಂದ ಹೊರಟುವು.

ಇಲ್ಲಿ ಸ್ವದೇಶಿಯ ಪ್ರಶ್ನೆಯು ಏಳುತ್ತದೆ. ಹಾರ್ಮೋನಿಯಮ್ಮಿನ ಗತಿಯು ಏನಾಯಿತೆಂಬುದು ಹಿರಿಯರಿಗೆ ನೆನಪಿದ್ದೀತು. ಅದು ಪರದೇಶದ್ದು, ಅದರ ಸ್ವರಗಳು ಮೊಳೆ ಹೊಡೆದಂತೆ ನಿಂತಲ್ಲಿಯೇ ನಿಂತವು, ಅದು ನಮ್ಮ ಗಾಯಕರ ಕಂಠವನ್ನು ಕೆಡಿಸುವುದು ಎಂಬ ಆಕ್ಷೇಪವೆದ್ದು, 1940ರಲ್ಲಿ ಆಕಾಶವಾಣಿಯು ಅದನ್ನು ತನ್ನ ಕೇಂದ್ರಗಳಿಂದ ಬಹಿಷ್ಕರಿಸಿತು. ರವೀಂದ್ರನಾಥ ಠಾಕೂರರಂಥವರೂ ಹಾರ್ಮೋನಿಯಮ್ಮನ್ನು ಒಪ್ಪದವರೇ. ಮೂರು ದಶಕಗಳ ತರುವಾಯ, 1971ರಲ್ಲಿ, ಆ ನಿರ್ಬಂಧವು ಸಡಿಲವಾಯಿತು. ಅತ್ತ, ಪಿಟೀಲಿಗೆ ಇಂತಹ ಯಾವ ವಿಚಾರಣೆಯೂ ಆಗಲಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಯೂರೋಪಿನವರಿಂದ ಕಲಿತು, ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದ ಕಚೇರಿಯನ್ನು ಊಹಿಸುವುದೂ ಕಷ್ಟ. ಎರಡೂ ಪರದೇಶದವೇ, ಒಂದು ವಿದೇಶಿಯೆನಿಸಿತು, ಇನ್ನೊಂದು ಸ್ವದೇಶಿಯಾಯಿತು. ಕಾರಣವೇನೆಂದು ಕೇಳಿದರೆ, ವಾದ್ಯದ ಜನ್ಮಸ್ಥಾನವನ್ನು ಹುಡುಕಿ ಪ್ರಯೋಜನವಿಲ್ಲ. ಪಿಟೀಲು ಗಮಕದ ಸೇವೆಗೆ ಬಗ್ಗಿತು, ಹಾರ್ಮೋನಿಯಮ್ಮು ಬಗ್ಗಲಾರದಾಯಿತು. ಸ್ಯಾಕ್ಸೋಫೋನು ಹುಟ್ಟಿನಿಂದ ಹಾರ್ಮೋನಿಯಮ್ಮಿನ ಕಡೆಯದು. ಗೋಪಾಲನಾಥರು ಅದನ್ನು ಬಲಾತ್ಕಾರವಿಲ್ಲದೆ ಪಿಟೀಲಿನ ಕಡೆಗೆ ಒಲಿಸಿದರು. ಯಾವ ವಸ್ತುವೂ ನಮ್ಮದಾಗುವುದು ನಮ್ಮವರು ಅದಕ್ಕಾಗಿ ಸುರಿಸಿದ ಬೆವರಿನಿಂದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿಯು ಈ ಜಿಲ್ಲೆಯಲ್ಲಿ ಸಿಕ್ಕಲಾರದು.

ಲೋಕವು ಅವರನ್ನು ಗುರುತಿಸಿದ ವೃತ್ತಾಂತವನ್ನು ಸಂಕ್ಷೇಪವಾಗಿಯೇ ಹೇಳುವೆವು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರು ಇವರ ವಾದನವನ್ನು ಕೇಳಿ ಬೆರಗಾಗಿ, ಇವರೊಡನೆ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮನೇಡ್ ಕಚೇರಿಗೆ ಇವರಿಗೆ ಆಮಂತ್ರಣ ಬಂದಿತು. ಅದೇ ವರ್ಷ ಕೆ. ಬಾಲಚಂದರ್ ಅವರು ಸ್ಯಾಕ್ಸೋಫೋನ್ ವಾದಕನೊಬ್ಬನನ್ನೇ ನಾಯಕನನ್ನಾಗಿಸಿ ‘ಡ್ಯುಯೆಟ್’ ಎಂಬ ತಮಿಳು ಚಿತ್ರವನ್ನು ತೆಗೆದರು. ಎ. ಆರ್. ರಹಮಾನರ ಸಂಗೀತವಿದ್ದ ಆ ಚಿತ್ರದಲ್ಲಿ ಗೋಪಾಲನಾಥರ ಉಸಿರು ದಕ್ಷಿಣ ಭಾರತದ ಮನೆಮನೆಗೂ ಹೋಯಿತು. 2004ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಎ. ಕನ್ಯಾಕುಮಾರಿಯವರ ಪಿಟೀಲು ಮಗ್ಗುಲಲ್ಲಿದ್ದು, ಮೃದಂಗವೂ ತವಿಲೂ ಮೋರ್ಸಿಂಗೂ ಕೂಡಿದ ಅವರ ಕಚೇರಿಯನ್ನು ಕೇಳಿದವರು, ತವಿಲಿನ ಸದ್ದು ಎದ್ದೊಡನೆ ಸಭಾಭವನವು ದೇವಸ್ಥಾನದ ಅಂಗಣವಾಗುತ್ತಿದ್ದುದನ್ನು ಮರೆಯಲಾರರು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ದಿವಂಗತರಾದರು.

ಇವೆಲ್ಲಕ್ಕಿಂತಲೂ ನಮ್ಮ ಮನಸ್ಸಿಗೆ ಹೆಚ್ಚು ನಾಟಿದ ಸಂಗತಿಯೊಂದಿದೆ. ಅಮೆರಿಕದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪ ಎಂಬ ತರುಣ ಜಾಜ್ ವಾದಕರಿಗೆ, ಅವರ ಅಣ್ಣನು ವಿನೋದಕ್ಕಾಗಿ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಂದು ಕೊಟ್ಟನಂತೆ. ಕೇಳಿದವರಿಗೆ ವಿನೋದವು ಹೋಗಿ ವಿಸ್ಮಯವು ಉಳಿಯಿತು. ತನ್ನ ಪೂರ್ವಿಕರ ನಾಡಿನ ಸಂಗೀತವು, ತಾನು ಹಿಡಿದಿರುವ ಪಶ್ಚಿಮದ ವಾದ್ಯದಲ್ಲಿಯೇ, ತನಗೆ ತಿಳಿಯದ ಭಾಷೆಯಲ್ಲಿ ಮಾತನಾಡುತ್ತಿತ್ತು. ಅವರು ಗೋಪಾಲನಾಥರನ್ನು ಹುಡುಕಿಕೊಂಡು ಬಂದರು. 2008ರಲ್ಲಿ ಇಬ್ಬರೂ ಕೂಡಿ ಹೊರತಂದ ಧ್ವನಿಮುದ್ರಿಕೆಗೆ ‘ಕಿನ್ಸ್‌ಮೆನ್’, ಎಂದರೆ ಬಂಧುಗಳು, ಎಂದು ಹೆಸರಿಟ್ಟರು. ಜಾಜು ಅಮೆರಿಕದಿಂದ ಸ್ಯಾಕ್ಸೋಫೋನಿನ ಕೈಹಿಡಿದು ಲೋಕಸಂಚಾರಕ್ಕೆ ಹೊರಟಿತ್ತು. ಇಲ್ಲಿ ಸ್ಯಾಕ್ಸೋಫೋನು ಸಜಿಪಮೂಡದಿಂದ ರಾಗವನ್ನು ಹೊತ್ತು ಅಮೆರಿಕಕ್ಕೆ ಹಿಂದಿರುಗಿತು.

ಇಂತಹ ಕೊಡುಕೊಳ್ಳುವಿಕೆಯು ನಮ್ಮಲ್ಲಿ ಮಾತ್ರವೇ ನಡೆದುದಲ್ಲ. ಭೂಗೋಳದ ಇನ್ನೊಂದು ಬದಿಯಲ್ಲಿರುವ ಕ್ಯೂಬಾ ದ್ವೀಪವನ್ನು ನೋಡೋಣ. ಆಫ್ರಿಕದಿಂದ ಸರಪಳಿಯಲ್ಲಿ ಎಳೆದು ತಂದ ಗುಲಾಮರ ಸಂತತಿಯವರು ಅಲ್ಲಿ ತಮ್ಮ ದೇವತೆಗಳನ್ನೂ, ಆ ದೇವತೆಗಳನ್ನು ಕರೆಯುವ ‘ಬಟಾ’ ಎಂಬ ಮೂರು ಪವಿತ್ರ ವಾದ್ಯಗಳನ್ನೂ ಮರೆಯದೆ ಉಳಿಸಿಕೊಂಡರು. ಇಬ್ಬದಿಗೂ ತೊಗಲು ಬಿಗಿದ, ನಮ್ಮ ಮದ್ದಳೆಯಂತೆ ಅಡ್ಡಲಾಗಿ ಇರಿಸಿ ಎರಡೂ ಕೈಗಳಿಂದ ನುಡಿಸುವ ವಾದ್ಯಗಳವು. ಹವಾನಾ ನಗರದ ಟ್ರಾಪಿಕಾನಾ ಎಂಬ ವಿಖ್ಯಾತ ರಂಗಶಾಲೆಯಲ್ಲಿ ಪಿಯಾನೊ ನುಡಿಸುತ್ತಿದ್ದ ಬೆಬೊ ವಾಲ್ದೆಸರು 1952ರಲ್ಲಿ ಈ ಬಟಾವನ್ನು ನೃತ್ಯದ ಮೇಳಕ್ಕೆ ತಂದರು. ಅವರ ಮಗ, 1941ರಲ್ಲಿ ಜನಿಸಿದ ಚೂಚೊ ವಾಲ್ದೆಸರು, 1973ರಲ್ಲಿ ಇರಾಕೆರೆ ಎಂಬ ಮೇಳವನ್ನು ಕಟ್ಟಿ, ಜಾಜಿನ ಕಹಳೆಗಳ ನಡುವೆ ಬಟಾವನ್ನು ಇರಿಸಿ ಕೃತಿಗಳನ್ನು ರಚಿಸಿದರು. ಪಿಯಾನೊ ಹಾರ್ಮೋನಿಯಮ್ಮಿನಂತೆಯೇ ನಿಂತ ಸ್ವರಗಳ ವಾದ್ಯ. ಅದರಿಂದ ಗಮಕವು ಬಾರದು. ಕ್ಯೂಬಾದವರಿಗೆ ಬೇಕಾದುದು ತಾಳ. ಆದುದರಿಂದ ಅವರು ಪಿಯಾನೊವನ್ನು ಹಾಡಿಸುವುದಕ್ಕಿಂತ ಬಡಿತಕ್ಕೆ ಹಚ್ಚಿ, ಒಂದೇ ಪಲ್ಲವಿಯನ್ನು ತಾಳದ ಎಡೆಎಡೆಗಳಲ್ಲಿ ಮತ್ತೆ ಮತ್ತೆ ಹೊಡೆಯುವ ಕ್ರಮವನ್ನು ಬೆಳೆಸಿದರು. 1978ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಭವನದಲ್ಲಿ ಇರಾಕೆರೆಯು ನುಡಿಸಿತು. ಗೋಪಾಲನಾಥರು ಮುಂಬಯಿಯಲ್ಲಿ ಹ್ಯಾಂಡಿಯವರನ್ನು ಬೆರಗುಗೊಳಿಸಿದ 1980ರಲ್ಲಿಯೇ ಆ ಮೇಳಕ್ಕೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯು ಬಂದಿತು. 1960ರಲ್ಲಿ ದೇಶವನ್ನು ಬಿಟ್ಟು ಹೋದ ತಂದೆಯೂ ದೇಶದಲ್ಲಿಯೇ ಉಳಿದ ಮಗನೂ ಕಾಲಾಂತರದಲ್ಲಿ ಕೂಡಿ, ಎರಡು ಪಿಯಾನೊಗಳಲ್ಲಿ ನುಡಿಸಿದ ಧ್ವನಿಮುದ್ರಿಕೆಯೂ ಹೊರಬಂದುದು 2008ರಲ್ಲಿ.

ಅಲ್ಲಿ ದೇವತಾಕಾರ್ಯದ ವಾದ್ಯವು ಜಾಜಿನ ವೇದಿಕೆಗೆ ಹೋಯಿತು. ಇಲ್ಲಿ ಜಾಜಿನ ವಾದ್ಯವು ದೇವರ ಅಂಗಣಕ್ಕೆ ಬಂದಿತು. ದಿಕ್ಕು ಬೇರೆ, ನಡಿಗೆಯು ಒಂದೇ. ಎರಡು ಕಡೆಯಲ್ಲಿಯೂ ಮಗನು ಹಿಡಿದ ಹೊಸ ದಾರಿಯ ಕೆಳಗೆ ತಂದೆಯ ವಿದ್ಯೆಯೇ ಅಡಿಪಾಯವಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ತನಿಯಪ್ಪನವರ ನಾಗಸ್ವರವಿಲ್ಲದೆ ಗೋಪಾಲನಾಥರ ಸ್ಯಾಕ್ಸೋಫೋನಿಲ್ಲ.

ಪುತ್ತೂರಿಗೆ ಈ ಪಾಠವು ಹೊಸತೂ ಅಲ್ಲ. ಇದೇ ಊರಿನ ಬಾಲವನದಲ್ಲಿ ದಶಕಗಟ್ಟಲೆ ಬಾಳಿದ ಶಿವರಾಮ ಕಾರಂತರು ಯಕ್ಷಗಾನದ ಬ್ಯಾಲೆಯನ್ನು ಕಟ್ಟಿದಾಗ, ಭಾಗವತಿಕೆಯ ಬೆಂಬಲಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಕರೆದುಕೊಂಡರು. ಸಂಪ್ರದಾಯದವರು ಹುಬ್ಬು ಗಂಟಿಕ್ಕಿದರು. ಕಾರಂತರು ಹುಬ್ಬುಗಳನ್ನು ಲೆಕ್ಕಿಸುವ ಸ್ವಭಾವದವರಾಗಿರಲಿಲ್ಲ. ಅವರು ಯಕ್ಷಗಾನದ ರಾಗಗಳನ್ನೂ ಹಳೆಯ ವೇಷಗಳನ್ನೂ ಹಳ್ಳಿಹಳ್ಳಿ ಸುತ್ತಿ ಸಂಗ್ರಹಿಸಿದವರು. ಹಳೆಯದನ್ನು ಅಷ್ಟು ಆಳವಾಗಿ ಅರಿತವನಿಗೆ ಹೊಸದನ್ನು ಕರೆಯುವ ಅಧಿಕಾರವಿದ್ದಿತು.

ಇಷ್ಟು ಹೇಳಿದ ಮೇಲೆ, ಹಿತವಲ್ಲದ ಮಾತನ್ನೂ ಆಡಲೇಬೇಕು. ಹೊಸ ಅತಿಥಿಗೆ ಹಾಕಿದ ಮಣೆಯು ಎಷ್ಟೋ ಕಡೆ ಹಿರಿಯನ ಕೆಳಗಿಂದ ಎಳೆದ ಮಣೆಯೇ. ನಾಗಸ್ವರವು ಕಠಿನವಾದ ವಾದ್ಯ. ಅದಕ್ಕೆ ಎದೆಯ ಬಲವೂ ಬಾಲ್ಯದಿಂದ ಬಂದ ಅಭ್ಯಾಸವೂ ಬೇಕು. ದೇವಾಡಿಗರೇ ಮೊದಲಾದ ಕುಲಗಳು ತಲೆತಲಾಂತರದಿಂದ ದೇವಸ್ಥಾನದ ಚಾಕರಿಯೆಂದು ಅದನ್ನು ನಡೆಸಿಕೊಂಡು ಬಂದವು. ಅವರಿಗೆ ಸಂದುದು ಅಂಗಣದ ಹೊರಬದಿಯ ಸ್ಥಾನ, ಅಲ್ಪವಾದ ಸಂಭಾವನೆ. ಇಂತಹ ಮನೆಯ ಹುಡುಗನು ಶಾಲೆ ಕಲಿತು ಪಟ್ಟಣದ ನೌಕರಿಗೆ ಹೋದರೆ, ವಿದ್ಯೆಯು ಅಳಿಯಿತೆಂದು ಮರುಗುವ ಅಧಿಕಾರವು ನಮಗೆಲ್ಲಿಯದು? ಉಳಿದವರು, ಕೇಳುವವರಿಗೆ ಮೆಚ್ಚಿಕೆಯಾದ ಸ್ಯಾಕ್ಸೋಫೋನನ್ನು ಹಿಡಿದರು. ಅದು ಅವರ ತಪ್ಪಲ್ಲ, ಹೊಟ್ಟೆಯ ನ್ಯಾಯ.

ಆ ಸ್ಯಾಕ್ಸೋಫೋನಿನವನ ಸ್ಥಿತಿಯಾದರೂ ಹೇಗಿದೆ? ಮದುವೆಯ ಸಭಾಭವನಗಳಲ್ಲಿ ನಾವು ಕಾಣುವುದು ಇದು: ವಾದ್ಯದವರು ಮೂಲೆಯ ಬೆಂಚಿನ ಮೇಲೆ ಬೆಳಗಿನಿಂದ ಕುಳಿತಿರುತ್ತಾರೆ. ಒಳ್ಳೆಯ ರಾಗವೊಂದನ್ನು ಎತ್ತಿಕೊಂಡು ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಪುರೋಹಿತರ ಕೈ ಮೇಲೆದ್ದು ಗಟ್ಟಿಮೇಳವಾಗಬೇಕು. ಆ ಮೇಲೆ ಯಾರೋ ಬಂದು ಸಿನಿಮಾ ಹಾಡನ್ನು ನುಡಿಸಿರೆಂದು ಹೇಳಿ ಹೋಗುತ್ತಾರೆ. ಭೋಜನದ ಗದ್ದಲದಲ್ಲಿ ಆ ವಿದ್ವಾಂಸನ ಹೆಸರನ್ನು ಕೇಳುವವರಿಲ್ಲ. ಅಡುಗೆಯವರ ಹೆಸರು ನೂರು ಬಾಯಿಯಲ್ಲಿ ಓಡಾಡುತ್ತದೆ. ಊದಿದವನ ಹೆಸರು ಆಮಂತ್ರಣ ಪತ್ರಿಕೆಯಲ್ಲೂ ಇರುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಜಾತ್ರೆಯಿಲ್ಲ, ಆಷಾಢದಲ್ಲಿ ಮದುವೆಯಿಲ್ಲ. ವಾದ್ಯವು ಪೆಟ್ಟಿಗೆಯಲ್ಲಿ, ವಾದಕನು ತೋಟದ ಕೂಲಿಯಲ್ಲಿ. ಗೋಪಾಲನಾಥರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಅವರ ವಿದ್ಯೆಯನ್ನು ಹಳ್ಳಿಯ ಜಾತ್ರೆಯಲ್ಲಿ ಉಳಿಸುವವನಿಗೆ ಒಂದು ಕುರ್ಚಿಯನ್ನು ಕೊಡಲು ನಮ್ಮ ಕೈ ಏಳಲಿಲ್ಲ.

ಬರಿಯ ಮರುಕದಿಂದ ಪ್ರಯೋಜನವಿಲ್ಲ, ಆಗತಕ್ಕದ್ದು ಇಷ್ಟು. ಕುಕ್ಕೆ ಸುಬ್ರಹ್ಮಣ್ಯವು ಆದಾಯದಲ್ಲಿ ರಾಜ್ಯದ ಮುಜರಾಯಿ ದೇವಾಲಯಗಳಲ್ಲೆಲ್ಲ ಅಗ್ರಸ್ಥಾನವನ್ನು ಪಡೆಯುತ್ತ ಬಂದ ಕ್ಷೇತ್ರ. ಪುತ್ತೂರು, ಸುಳ್ಯಗಳ ದೇವಸ್ಥಾನಗಳೂ ಭಕ್ತರ ಔದಾರ್ಯಕ್ಕೆ ಬಡವಾದವಲ್ಲ. ಇವು ಮೂರೂ ಕೂಡಿ, ನಾಗಸ್ವರ, ಸ್ಯಾಕ್ಸೋಫೋನು, ಡೋಲುಗಳನ್ನು ಕಲಿಸುವ ಒಂದು ಪಾಠಶಾಲೆಯನ್ನು ನಡೆಸಲಾರವೆ? ಕುಲವನ್ನು ಕೇಳದೆ, ಕಿವಿಯನ್ನೂ ಶ್ರದ್ಧೆಯನ್ನೂ ನೋಡಿ ಮಕ್ಕಳನ್ನು ಸೇರಿಸಿಕೊಳ್ಳಲಿ. ವಾದಕರಿಗೆ ಮಳೆಗಾಲಕ್ಕೂ ಸಲ್ಲುವ ತಿಂಗಳ ಸಂಬಳವನ್ನು ಗೊತ್ತು ಮಾಡಲಿ. ಜಾತ್ರೆಯ ಆಮಂತ್ರಣದಲ್ಲಿ ತಂತ್ರಿಗಳ ಹೆಸರೂ ದಾನಿಗಳ ಹೆಸರೂ ಅಚ್ಚಾಗುವಲ್ಲಿ ವಾದ್ಯದವರ ಹೆಸರಿಗೂ ಒಂದು ಸಾಲು ಸಿಕ್ಕಲಿ. ದತ್ತಿ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಾಚಕರು ಅನೇಕರಿದ್ದಾರೆ. ಈ ಕೆಲಸಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಒಂದು ಕಡತವನ್ನು ಮುಂದಕ್ಕೆ ದೂಡುವ ಮನಸ್ಸು. ಗೃಹಸ್ಥರು ಮಾಡಬೇಕಾದುದು ಇನ್ನೂ ಸುಲಭ: ಮದುವೆಯ ದಿನ ಮುಹೂರ್ತಕ್ಕೆ ಮೊದಲು ಅರ್ಧ ಗಂಟೆ ವಾದ್ಯದವರನ್ನು ಸಭೆಯ ಮುಂದೆ ಕುಳ್ಳಿರಿಸಿ, ಮಾತನ್ನು ನಿಲ್ಲಿಸಿ, ಕೇಳುವುದು.

ನಾಗಸ್ವರವನ್ನು ಉಳಿಸಬೇಕೆಂದು ಸ್ಯಾಕ್ಸೋಫೋನನ್ನು ದೇವಸ್ಥಾನದಿಂದ ಹೊರಡಿಸಬೇಕೆನ್ನುವವರೂ ನಮ್ಮಲ್ಲಿದ್ದಾರೆ. ಅವರೊಡನೆ ನಮಗೆ ಸಹಮತವಿಲ್ಲ. ಮನೆಯ ಹಿರಿಯನಿಗೆ ಅನ್ನವಿಕ್ಕಲು ಅತಿಥಿಯನ್ನು ಓಡಿಸಬೇಕಾದ ದಾರಿದ್ರ್ಯವು ಈ ಸೀಮೆಗೆ ಬಂದಿಲ್ಲ. ಬಲಿಯ ಸುತ್ತುಗಳನ್ನು ಗೊತ್ತು ಮಾಡಿದ ನಮ್ಮ ಪೂರ್ವಿಕರು ಈ ವ್ಯಾಜ್ಯಕ್ಕೆ ತೀರ್ಪನ್ನು ಎಂದೋ ಬರೆದಿಟ್ಟಿದ್ದಾರೆ. ಪ್ರತಿಯೊಂದು ವಾದ್ಯಕ್ಕೂ ಅದರದರ ಸುತ್ತು. ಒಂದರ ಸುತ್ತಿನಲ್ಲಿ ಇನ್ನೊಂದು ಬಾಯಿ ಹಾಕದು. ಎಲ್ಲರ ಸುತ್ತೂ ಮುಗಿದ ಮೇಲೆ ಸರ್ವವಾದ್ಯ. ಮುಂದಿನ ಏಪ್ರಿಲಿನಲ್ಲಿ ಮಹಾಲಿಂಗೇಶ್ವರನ ಅಂಗಣದಲ್ಲಿ ನಿಂತಾಗ, ವಾಲಗದ ಸುತ್ತಿನಲ್ಲಿ ಎಷ್ಟು ನಾಗಸ್ವರಗಳಿವೆಯೆಂದು ನಮ್ಮ ವಾಚಕರು ಒಮ್ಮೆ ಎಣಿಸಿ ನೋಡಲಿ. ಊದುವವರ ಹೆಸರುಗಳನ್ನೂ ಕೇಳಿ ತಿಳಿಯಲಿ. ಹಾಗೆ ಕೇಳುವವರು ನಾಲ್ಕು ಜನರಿದ್ದರೂ ಊದುವವನ ಉಸಿರು ಉದ್ದವಾಗುವುದು.